ನೀವು ಕಟ್ಟಿದ ಊರಿನ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ



ನಿಮ್ಮ ತಾಯಿಯ ವಯಸ್ಸಿನ ಗೃಹಿಣಿಯೊಬ್ಬಳು ಕಂಪ್ಯೂಟರ್ ಆಟದ ಮಾತೆತ್ತಿದಳೆಂದರೆ, ಮುಂದಿನ ಸಾಲು "ಆಟ ಸಾಕು, ಪುಸ್ತಕ ಹಿಡಿಯಿರಿ" ಎಂದೇ ಇರುತ್ತದೆಂದು ನೀವು ಪುಟ ತಿರುವಲು ಹೊರಟಿರಬಹುದು. ಸ್ವಲ್ಪ ತಾಳಿ. ಆ ಉಪದೇಶ ನಿಮಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ನಾನು ಬರೆಯಹೊರಟಿರುವುದು ನೀವು ಆಟದೊಳಗೆ ಕಟ್ಟಿದ ಊರುಗಳ ಬಗ್ಗೆ. ಅವು ಎಲ್ಲಿವೆ, ಯಾರ ಕೈಯಲ್ಲಿವೆ, ನಾಳೆಯೂ ಇರುತ್ತವೆಯೇ ಎಂಬುದರ ಬಗ್ಗೆ. ಕನ್ನಡ ಓದಲು ತಡವರಿಸುವವರು ಅಪ್ಪ ಅಮ್ಮನಿಂದ ಓದಿಸಿಕೊಳ್ಳಿ. ಮೈನ್‌ಕ್ರಾಫ್ಟ್ ಎಂದರೇನೆಂದು ಈ ನೆವದಲ್ಲಾದರೂ ಅವರಿಗೂ ತಿಳಿಯಲಿ.

ಆ ಹಿರಿಯರಿಗಾಗಿ ಎರಡು ಮಾತು. ಮೈನ್‌ಕ್ರಾಫ್ಟ್ ಆಟವನ್ನು ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬವರು 2009ರಲ್ಲಿ ಮೊದಲು ಜನರ ಮುಂದಿಟ್ಟರು. 2011ರಲ್ಲಿ ಅದು ಪೂರ್ಣರೂಪದಲ್ಲಿ ಹೊರಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನೂ ಇದರ ಕಂಪನಿಯನ್ನೂ 250 ಕೋಟಿ ಡಾಲರು ಕೊಟ್ಟು ಕೊಂಡಿತು. ಇಲ್ಲಿ ಸೋಲು ಗೆಲುವು ಮುಖ್ಯವಲ್ಲ. ಬೆಟ್ಟ, ಹೊಳೆ, ಕಾಡು ಇರುವ ಒಂದು ಲೋಕ. ಅದರಲ್ಲಿ ಎಲ್ಲವೂ ಒಂದೊಂದು ಮೀಟರಿನ ಚೌಕ ಗಡ್ಡೆಗಳು. ಅಗೆದು ತೆಗೆಯಬೇಕು, ಬೇಕಾದಲ್ಲಿ ಇಡಬೇಕು, ಕಟ್ಟಬೇಕು. ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಅಂಗಳದ ಕೆಸರಿನಲ್ಲಿ ಮಾಡಿದ ಮನೆಯಾಟವೇ ಇದು, ಕೆಸರಿಲ್ಲ ಅಷ್ಟೆ.

ಒಬ್ಬರೇ ಆಡಿದರೆ ಆ ಲೋಕ ನಿಮ್ಮದೇ ಕಂಪ್ಯೂಟರಿನಲ್ಲಿರುತ್ತದೆ. ಹತ್ತು ಜನ ಹತ್ತು ಊರುಗಳಿಂದ ಕೂಡಿ ಆಡಬೇಕಾದರೆ, ಯಾವಾಗಲೂ ನಡೆಯುತ್ತಿರುವ ಒಂದು ಯಂತ್ರದಲ್ಲಿ ಅದು ಇರಬೇಕು. ಅದನ್ನೇ ಸರ್ವರ್ ಎನ್ನುವುದು. ಕಂಪನಿಯವರೇ ರೆಲ್ಮ್ಸ್ ಎಂಬ ಹೆಸರಿನಲ್ಲಿ ಈ ಸೌಕರ್ಯ ಕೊಡುತ್ತಾರೆ, ಚಂದಾ ಕಟ್ಟಬೇಕು. ಚಂದಾ ಕಟ್ಟಿದವರು ಯಜಮಾನರು, ಉಳಿದವರು ಅವರು ಕರೆದ ಅತಿಥಿಗಳು. ಊರು ಎಲ್ಲರೂ ಕಟ್ಟಿದ್ದು, ಬೀಗದ ಕೈ ಮಾತ್ರ ಒಬ್ಬರ ಬಳಿ. ನಮ್ಮ ಸಂಘಸಂಸ್ಥೆಗಳ ಬೀರುವಿನ ಕಥೆ ಗೊತ್ತಿರುವವರಿಗೆ ಇದರ ತೊಂದರೆ ಬಿಡಿಸಿ ಹೇಳಬೇಕಾಗಿಲ್ಲ!

ಇಂಥ ಲೋಕಗಳು ಮುಚ್ಚಿಹೋದ ಉದಾಹರಣೆಗಳು ಬೇಕಾದಷ್ಟಿವೆ. ನಿಮ್ಮಲ್ಲಿ ಕೆಲವರು ಎಳೆಯ ವಯಸ್ಸಿನಲ್ಲಿ ಆಡಿರಬಹುದಾದ ಕ್ಲಬ್ ಪೆಂಗ್ವಿನ್ 2005ರಲ್ಲಿ ಆರಂಭವಾಗಿ 2017ರ ಮಾರ್ಚ್ ಕೊನೆಯಲ್ಲಿ ನಿಂತಿತು. ಫಾರ್ಮ್‌ವಿಲ್ ಎಂಬ ಬೇಸಾಯದ ಆಟವನ್ನು ನಿಮಗಿಂತ ನಿಮ್ಮ ಅಮ್ಮಂದಿರೇ ಹೆಚ್ಚು ಆಡಿದ್ದು. ನಾನೂ ಕುಕ್ಕರ್ ಕೂಗುವಷ್ಟರಲ್ಲಿ ಸ್ಟ್ರಾಬೆರಿ ಕೊಯ್ದವಳೇ. ಅದು 2020ರ ಡಿಸೆಂಬರ್ 31ರಂದು ಮುಚ್ಚಿತು. ಮೈನ್‌ಕ್ರಾಫ್ಟಿನದೇ ತಂಗಿಯಾದ, ಬೀದಿಯಲ್ಲಿ ನಡೆದಾಡುತ್ತ ಫೋನಿನಲ್ಲಿ ಆಡುವ ಮೈನ್‌ಕ್ರಾಫ್ಟ್ ಅರ್ಥ್ 2019ರಲ್ಲಿ ಬಂದು 2021ರ ಜೂನ್ 30ಕ್ಕೆ ಮುಗಿಯಿತು. ದಿ ಕ್ರೂ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರಿಗೂ ಆಟ ತೆರೆಯದಾಯಿತು. ಇದರಿಂದ ಸಿಟ್ಟಾದ ಆಟಗಾರರು ಆರಂಭಿಸಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಆಟವನ್ನು "ಮಕ್ಕಳ ವಿಷಯ" ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಮುಚ್ಚಬೇಕೆಂದು ಯಾರೂ ಬಯಸದಿದ್ದರೂ ಲೋಕ ಹೋಗಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ ಸರ್ವರುಗಳ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿ ರಸ್ಟ್ ಎಂಬ ಆಟದ 25 ಸರ್ವರುಗಳಿದ್ದವು. ಅವುಗಳಲ್ಲಿದ್ದುದು ಮರಳಿ ಬರುವುದಿಲ್ಲವೆಂದು ಆಟದ ಕಂಪನಿಯೇ ತಿಳಿಸಿತು. ಆ ಆಟದಲ್ಲಿ ಲೋಕವನ್ನು ಆಗಾಗ ಅಳಿಸಿ ಹೊಸದಾಗಿ ಆರಂಭಿಸುವುದು ರೂಢಿಯಾದ್ದರಿಂದ ಆಟಗಾರರ ದುಃಖ ಸ್ವಲ್ಪ ಕಡಿಮೆಯಾಯಿತೇನೋ. ಮೈನ್‌ಕ್ರಾಫ್ಟಿನಲ್ಲಿ ಹಾಗಲ್ಲ, ಒಂದೇ ಊರನ್ನು ವರ್ಷಗಟ್ಟಲೆ ಕಟ್ಟುತ್ತಾರೆ.

ಈಗ ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆಂದು ಹೇಳುತ್ತೇನೆ. ನನ್ನ ತವರು ಧಾರವಾಡದ ಕಡೆಯ ಒಂದು ಹಳ್ಳಿ. 2020ರ ಲಾಕ್‌ಡೌನಿನಲ್ಲಿ ಬೇಸಿಗೆ ರಜೆಗೆ ಯಾರೂ ಊರಿಗೆ ಹೋಗುವಂತಿರಲಿಲ್ಲ. ಮುಂಬಯಿಯಲ್ಲಿ ನನ್ನ ಮಗಳು, ಪುಣೆಯಲ್ಲಿ ನನ್ನ ಅಣ್ಣನ ಮಗ, ಹೈದರಾಬಾದಿನಲ್ಲಿ ತಂಗಿಯ ಮಕ್ಕಳಿಬ್ಬರು, ಹೀಗೆ ನಾಲ್ವರು ಸೇರಿ ಅಜ್ಜನ ಮನೆಯನ್ನು ಆಟದಲ್ಲಿ ಕಟ್ಟತೊಡಗಿದರು. ಮೊದಮೊದಲು ನಾನು ಲಕ್ಷ್ಯ ಕೊಡಲಿಲ್ಲ. ಒಂದು ದಿನ ಪುಣೆಯಿಂದ ಅಣ್ಣನ ಮಗನ ಫೋನು: "ಅತ್ತಿ, ನಮ್ಮ ಹಗೇವು ಎಷ್ಟ ಆಳ ಇತ್ತು?"

ಹಗೇವು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ! ಜೋಳ ತುಂಬಿಡಲು ನೆಲದೊಳಗೆ ತೋಡಿದ ಉಗ್ರಾಣ, ಮೇಲೆ ಕಲ್ಲು ಮುಚ್ಚಿರುತ್ತಾರೆ. "ಎರಡಾಳು ಆಳ ಇತ್ತಪ್ಪಾ, ನಿಚ್ಚಣಿಕಿ ಇಳಿಸಿ ಇಳೀತಿದ್ರು" ಎಂದೆ. "ಹಂಗಾರ ನಾಕು ಬ್ಲಾಕ್" ಎಂದು ಫೋನಿಟ್ಟ. ಆಟದ ಮನುಷ್ಯ ಹೆಚ್ಚುಕಡಿಮೆ ಎರಡು ಗಡ್ಡೆ ಎತ್ತರ, ಆದ್ದರಿಂದ ಲೆಕ್ಕ ಸರಿಯೇ. ಅಂದಿನಿಂದ ನಾನೂ ಮಗಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಪಡಸಾಲೆಗೆ ಎಷ್ಟು ಕಂಬ, ಬೆಳಕಿಂಡಿ ಅಡುಗೆಮನೆಯ ಯಾವ ಮೂಲೆಗಿತ್ತು, ಬಚ್ಚಲಿನ ಹಂಡೆ ಬಾಗಿಲ ಎಡಕ್ಕೋ ಬಲಕ್ಕೋ ಎಂದು ಅಣ್ಣನಿಗೂ ನನಗೂ ಫೋನಿನಲ್ಲಿ ವಾದಗಳಾದವು. ಹಂಡೆ ಎಡಕ್ಕೇ ಇತ್ತೆಂದು ನಾನು ಈಗಲೂ ಹೇಳುತ್ತೇನೆ.

2022ರಲ್ಲಿ ಆ ಮನೆ ಮಾರಾಟವಾಯಿತು. ಕೊಂಡವರು ಕೆಡವಿ ಅಂಗಡಿಗಳನ್ನು ಕಟ್ಟಿಸಿದ್ದಾರೆ. ನಮ್ಮ ಬಳಿ ಮನೆಯ ಫೋಟೋಗಳೆಂದರೆ ಮದುವೆ ಮುಂಜಿವೆಗಳವು. ಅವುಗಳಲ್ಲಿ ಜನರಿದ್ದಾರೆ, ಗೋಡೆ ಕಾಣುವುದಿಲ್ಲ. ಮನೆಯೊಳಗೆ ನಡೆದಾಡುವಂತಿರುವುದು ಮಕ್ಕಳು ಕಟ್ಟಿದ ಆ ಪ್ರತಿಯೊಂದರಲ್ಲೇ. ಮರುವರ್ಷ ಅಣ್ಣನ ಮಗ ಹೆಚ್ಚಿನ ಓದಿಗೆ ಜರ್ಮನಿಗೆ ಹೋದ. ಅವನ ಇಲ್ಲಿನ ಕಾರ್ಡಿನ ಅವಧಿ ಮುಗಿದು ಚಂದಾ ನಿಂತುಹೋಯಿತು. ಒಂದು ಭಾನುವಾರ ಮಗಳು ತೆರೆಯಹೋದರೆ ಅವಧಿ ಮುಗಿದಿದೆ ಎಂಬ ಬರಹ. ಅವಳು ಅತಿಥಿ, ಏನೂ ಮಾಡುವಂತಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿದ್ದ ಅವನು ಫೋನು ಎತ್ತಲು ನಾಲ್ಕು ದಿನವಾಯಿತು. ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲವೆಂದರೆ ನಗಬೇಡಿ. ಚಂದಾ ನಿಂತ ಕೂಡಲೇ ಕಂಪನಿ ಲೋಕವನ್ನು ಅಳಿಸುವುದಿಲ್ಲ, ಕೆಲಕಾಲ ಇಟ್ಟುಕೊಂಡಿರುತ್ತದೆ. ಅವನು ಒಂದು ತಿಂಗಳ ಚಂದಾ ಕಟ್ಟಿ, ಲೋಕವನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ನಾಲ್ವರಿಗೂ ಒಂದೊಂದು ಪ್ರತಿ ಕಳಿಸಿದ.

ಇಳಿಸಿಕೊಳ್ಳುವುದು ಕಷ್ಟವೇನಲ್ಲ. ಜಾವಾ ಆವೃತ್ತಿಯಲ್ಲಿ ಯಜಮಾನರು ರೆಲ್ಮಿನ ಸೆಟ್ಟಿಂಗಿನೊಳಗೆ ಬ್ಯಾಕಪ್ಪುಗಳ ಪಟ್ಟಿಗೆ ಹೋಗಿ ಇತ್ತೀಚಿನದನ್ನು ಡೌನ್‌ಲೋಡ್ ಮಾಡಬಹುದು. ಫೋನಿನಲ್ಲೂ ಆಡುವ ಬೆಡ್‌ರಾಕ್ ಆವೃತ್ತಿಯಲ್ಲೂ ರೆಲ್ಮಿನ ಸೆಟ್ಟಿಂಗಿನಲ್ಲೇ ಡೌನ್‌ಲೋಡ್ ವರ್ಲ್ಡ್ ಎಂಬ ಗುಂಡಿ ಇದೆ. ಒಂದು ಆವೃತ್ತಿಯ ಲೋಕ ಇನ್ನೊಂದರಲ್ಲಿ ನೇರವಾಗಿ ತೆರೆಯದು, ಇದು ನೆನಪಿರಲಿ. ರೆಲ್ಮ್ಸ್ ತಾನೂ ಬ್ಯಾಕಪ್ ಇಡುತ್ತದೆ, ನಿಜ. ಯಾರೋ ತುಂಟರು ಮನೆ ಸುಟ್ಟರೆ ಹಿಂದಿನ ಸ್ಥಿತಿಗೆ ತರಲು ಅದು ಸಾಕು. ಆದರೆ ಆ ಬ್ಯಾಕಪ್ ಇರುವುದೂ ಅವರ ಯಂತ್ರದಲ್ಲೇ.

ಕೆಲವರು ಹೇಳುತ್ತಾರೆ, "ನಮ್ಮ ಬಳಿ ಲೋಕದ ಸೀಡ್ ಇದೆ, ಮತ್ತೇನು ಬೇಕು?" ಎಂದು. ಸೀಡ್ ಎಂದರೆ ಒಂದು ಸಂಖ್ಯೆ, ಬೀಜವೆಂದೇ ಅರ್ಥ. ಅದೇ ಸಂಖ್ಯೆಯನ್ನು ಆಟದ ಅದೇ ಆವೃತ್ತಿಗೆ ಕೊಟ್ಟರೆ ಅವೇ ಬೆಟ್ಟ, ಅದೇ ಹೊಳೆ, ಅದೇ ಕಾಡು ಮತ್ತೆ ಹುಟ್ಟುತ್ತವೆ. ಆದರೆ ನೀವು ಕಟ್ಟಿದ ಮನೆ ಹುಟ್ಟುವುದಿಲ್ಲ. ಹೊಳೆಯ ದಂಡೆ ಇರುತ್ತದೆ, ಮೆಟ್ಟಿಲು ಇರುವುದಿಲ್ಲ. ಮನುಷ್ಯರ ಕೈಕೆಲಸವೆಲ್ಲ ಇರುವುದು ಲೋಕದ ಫೋಲ್ಡರಿನಲ್ಲಿ. ಜಾವಾ ಆವೃತ್ತಿಯ ಫೋಲ್ಡರನ್ನು ಮಗಳು ನನಗೆ ಬಿಚ್ಚಿ ತೋರಿಸಿದಳು. ಲೋಕದ ಸಾಮಾನ್ಯ ವಿವರಗಳಿಗೆ ಒಂದು ಸಣ್ಣ ಫೈಲು, ನೆಲದ ವಿವರಕ್ಕೆ ರೀಜನ್ ಫೈಲುಗಳು. ಒಂದೊಂದು ರೀಜನ್ ಫೈಲಿನಲ್ಲಿ 512 ಗಡ್ಡೆ ಉದ್ದ, 512 ಗಡ್ಡೆ ಅಗಲದ ನೆಲ, ನಮ್ಮ ತಲಾಠಿ ಕಚೇರಿಯ ಸರ್ವೆ ನಕಾಶೆಯಂತೆ. ನೀವು ಎಂದೂ ಕಾಲಿಡದ, ಕಣ್ಣಿಗೂ ಬೀಳದ ದೂರದ ನೆಲಕ್ಕೆ ಫೈಲೇ ಇರುವುದಿಲ್ಲ. ಅಲ್ಲಿಗೆ ಯಾರಾದರೂ ಸಮೀಪಿಸಿದಾಗಲೇ ಅದು ಹುಟ್ಟುವುದು. ಇದನ್ನು ಕೇಳಿ ನಾನು ಒಂದು ಗಳಿಗೆ ಸುಮ್ಮನೆ ಕೂತೆ.

ರೆಲ್ಮ್ಸ್ ಅಲ್ಲದೆ ಬೇರೆಯವರ ದೊಡ್ಡ ಸರ್ವರಿನಲ್ಲಿ ಆಡುವವರ ಪಾಡು ಬೇರೆ. ಯಜಮಾನನೇ ಗುರುತಿಲ್ಲದವನು. ಜಾವಾ ಆಟದಲ್ಲಿ, ನೀವು ನಡೆದಾಡಿದಂತೆ ನಿಮ್ಮ ಕಂಪ್ಯೂಟರಿಗೆ ಬಂದ ನೆಲವನ್ನು ಹಿಡಿದಿಡುವ ವರ್ಲ್ಡ್ ಡೌನ್‌ಲೋಡರ್ ಎಂಬ ಉಪಕರಣವನ್ನು ಆಟಗಾರರೇ ಮಾಡಿದ್ದಾರೆ. ಅದು ನೀವು ಸುತ್ತಿದಷ್ಟನ್ನೇ ಉಳಿಸುತ್ತದೆ. ಪೆಟ್ಟಿಗೆಯೊಳಗಿನ ಸಾಮಾನು ಬೇಕಾದರೆ ಆ ಪೆಟ್ಟಿಗೆಯನ್ನು ತೆರೆದಿರಬೇಕು. ಅನೇಕ ಸರ್ವರುಗಳಲ್ಲಿ ಇದಕ್ಕೆ ನಿಷೇಧವಿದೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ಇತರರು ಕಷ್ಟಪಟ್ಟು ಕಟ್ಟಿದ್ದನ್ನು ಹೇಳದೆ ಕೇಳದೆ ಹೊತ್ತೊಯ್ಯುವುದು ಪಕ್ಕದ ಮನೆಯ ಹಿತ್ತಲಿಗೆ ನುಗ್ಗಿದಂತೆ. ನಡೆಸುವವರನ್ನು ಮೊದಲು ಕೇಳಿ. ಸರ್ವರ್ ಮುಚ್ಚುವ ಸೂಚನೆ ಬಂದಾಗ ಕೇಳಿದರೆ, ಅವರೇ ಎಲ್ಲರಿಗೂ ಪ್ರತಿ ಹಂಚುವುದೂ ಉಂಟು.

ಬಿ.ಎ.ಯಲ್ಲಿ ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ, ಕಂಪ್ಯೂಟರಲ್ಲ. ಇಂಗ್ಲಿಷಿನ ಸೇವ್ ಎಂಬ ಶಬ್ದಕ್ಕೆ ಕಾಪಾಡು, ಕೂಡಿಡು ಎಂಬ ಎರಡು ಅರ್ಥಗಳಿವೆ. ನಮ್ಮ "ಉಳಿಸು" ಕೂಡ ಹಾಗೆಯೇ, ಪ್ರಾಣವನ್ನೂ ಉಳಿಸುತ್ತೇವೆ, ದುಡ್ಡನ್ನೂ ಉಳಿಸುತ್ತೇವೆ. ಇನ್ನು ಮುಂದೆ ಆ ಗುಂಡಿ ಒತ್ತುವಾಗ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ.

ಪ್ರತಿ ಮಾಡುವಾಗ ಒಂದೆರಡು ಎಚ್ಚರಿಕೆ. ನಿಮ್ಮದೇ ಕಂಪ್ಯೂಟರಿನಲ್ಲಿ ಸರ್ವರ್ ನಡೆಸುತ್ತಿದ್ದರೆ ಅದನ್ನು ನಿಲ್ಲಿಸಿಯೇ ಫೋಲ್ಡರನ್ನು ನಕಲು ಮಾಡಿ. ನಡೆಯುತ್ತಿರುವಾಗ ನಕಲಿಸಿದರೆ ಅರ್ಧ ಬರೆದ ಫೈಲು ಬಂದು ಸೇರಬಹುದು. ಹಳೆಯ ಲೋಕವನ್ನು ಹೊಸ ಆವೃತ್ತಿಯಲ್ಲಿ ತೆರೆಯಬಹುದು, ಆದರೆ ತೆರೆದ ಮೇಲೆ ಹಿಂದಕ್ಕೆ ಬರಲಾಗದು. ಆದ್ದರಿಂದ ಮೂಲ ಪ್ರತಿಯನ್ನು ಮುಟ್ಟದೆ, ಅದರ ಇನ್ನೊಂದು ನಕಲನ್ನು ತೆರೆಯಿರಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಅಣ್ಣನ ಮನೆಯಲ್ಲೋ ಮಾಮಾನ ಮನೆಯಲ್ಲೋ ಇರಲಿ. ಜೊತೆಗೆ ಒಂದು ಚೀಟಿಯಲ್ಲಿ ತಾರೀಖು, ಆಟದ ಆವೃತ್ತಿಯ ಸಂಖ್ಯೆ, ಯಾವ ಮನೆ ಯಾರು ಕಟ್ಟಿದ್ದು ಎಂಬುದನ್ನು ಬರೆದಿಡಿ. ಹತ್ತು ವರ್ಷದ ಮೇಲೆ "ಈ ಕೆಂಪು ಹೆಂಚಿನ ಮನೆ ಯಾರದು?" ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಎಲ್ಲ ಮುಗಿದ ಮೇಲೆ ವೈಫೈ ಆರಿಸಿ, ಆ ನಕಲನ್ನು ಒಮ್ಮೆ ತೆರೆದು, ಊರಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ, ಹಂಡೆ ಯಾವ ಕಡೆಗಿರಬೇಕಿತ್ತೆಂದು ಅವರು ಹೇಳಿಯಾರು.