ಅರ್ಥಶಾಸ್ತ್ರದಲ್ಲಿ ವ್ಯಷ್ಟಿ ಮತ್ತು ಸಮಷ್ಟಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನಿರಲಾರನು. ವರಮಾನವನ್ನು ಮೀರಿ ವೆಚ್ಚ ಮಾಡಬಾರದು, ಕಷ್ಟಕಾಲದಲ್ಲಂತೂ ಕೈಯನ್ನು ಇನ್ನಷ್ಟು ಬಿಗಿಹಿಡಿಯಬೇಕು ಎಂಬುದು ಗೃಹಸ್ಥನಿಗೆ ಹೇಳಿದ ಹಿತವಚನ, ಅದರಲ್ಲಿ ಸಂದೇಹಕ್ಕೆಡೆಯಿಲ್ಲ. ಆದರೆ ಊರಿನ ಸಮಸ್ತ ಗೃಹಸ್ಥರೂ ಏಕಕಾಲದಲ್ಲಿ ಕೈ ಬಿಗಿಹಿಡಿದರೆ ಏನಾದೀತು? ಒಬ್ಬೊಬ್ಬನಿಗೂ ಹಿತವಾದದ್ದು ಎಲ್ಲರಿಗೂ ಒಟ್ಟಾಗಿ ಹಿತವಾದೀತೇ? ಈ ಒಂದು ಪ್ರಶ್ನೆಯ ಜಾಡನ್ನು ಹಿಡಿದು ಹೊರಟರೆ, ಆಧುನಿಕ ಅರ್ಥಶಾಸ್ತ್ರದ ಎರಡು ಶಾಖೆಗಳು ಏಕೆ ಕವಲೊಡೆದುವು, ಮತ್ತೆ ಅವು ಎಲ್ಲಿ ಕೂಡುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಒಂದು ಮನೆ, ಒಂದು ಅಂಗಡಿ, ಒಂದು ಸರಕಿನ ಪೇಟೆ ಇವುಗಳ ನಡೆವಳಿಯನ್ನು ಬಿಡಿಬಿಡಿಯಾಗಿ ವಿವೇಚಿಸುವ ಶಾಖೆ ವ್ಯಷ್ಟಿ ಅರ್ಥಶಾಸ್ತ್ರ. ದೇಶದ ಒಟ್ಟು ವರಮಾನ, ಒಟ್ಟು ಉದ್ಯೋಗ, ಬೆಲೆಗಳ ಸಾಮಾನ್ಯ ಮಟ್ಟ ಇವುಗಳನ್ನು ವಿವೇಚಿಸುವ ಶಾಖೆ ಸಮಷ್ಟಿ ಅರ್ಥಶಾಸ್ತ್ರ. ಈ ವಿಂಗಡಣೆಯನ್ನು ಬಳಕೆಗೆ ತಂದವರಲ್ಲಿ ಮೊದಲಿಗನು ನಾರ್ವೆಯ ರಾಗ್ನರ್ ಫ್ರಿಷ್. ಅದು ೧೯೩೩ರ ಮಾತು.

ಮೊದಲು ವ್ಯಷ್ಟಿಯ ತತ್ತ್ವಗಳನ್ನು ನೋಡೋಣ. ಮನುಷ್ಯನ ಬಯಕೆಗಳಿಗೆ ಕೊನೆಯಿಲ್ಲ, ಸಾಧನಗಳಿಗೆ ಮಿತಿಯುಂಟು. ಆದುದರಿಂದ ಆಯ್ಕೆ ಅನಿವಾರ್ಯ. ಒಂದನ್ನು ಆಯ್ದುಕೊಂಡರೆ ಇನ್ನೊಂದನ್ನು ಬಿಡಬೇಕು. ಹಾಗೆ ಬಿಟ್ಟುಕೊಟ್ಟ ಉತ್ತಮ ಪರ್ಯಾಯವೇ ನಾವು ತೆತ್ತ ನಿಜವಾದ ಬೆಲೆ. ಇದನ್ನು ಅವಕಾಶ ವೆಚ್ಚವೆಂದು ಕರೆಯುತ್ತಾರೆ. ಸ್ವಂತ ಮಳಿಗೆಯಲ್ಲಿ ವ್ಯಾಪಾರ ನಡೆಸುವವನು ತನಗೆ ಬಾಡಿಗೆಯ ಖರ್ಚಿಲ್ಲವೆಂದು ಭಾವಿಸುವುದುಂಟು. ಆ ಮಳಿಗೆಯನ್ನು ಪರರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯೇ ಅವನ ಖರ್ಚು. ಎರಡನೆಯ ತತ್ತ್ವವೆಂದರೆ, ಆಯ್ಕೆಯು ಸಾಮಾನ್ಯವಾಗಿ ಅಂಚಿನಲ್ಲಿ ನಡೆಯುತ್ತದೆ. ಕಾಫಿ ಬೇಕೇ ಬೇಡವೇ ಎಂಬುದಕ್ಕಿಂತ ಇನ್ನೊಂದು ಲೋಟ ಬೇಕೇ ಎಂಬುದೇ ನಿತ್ಯದ ಪ್ರಶ್ನೆ. ಮೊದಲ ಲೋಟದಿಂದ ದೊರೆಯುವ ತೃಪ್ತಿ ಮೂರನೆಯದರಿಂದ ದೊರೆಯುವುದಿಲ್ಲ. ಬೆಲೆ ಇಳಿದಾಗ ಕೊಳ್ಳುವವರು ಹೆಚ್ಚು ಕೊಳ್ಳುವುದಕ್ಕೆ ಇದೊಂದು ಕಾರಣ. ಬೆಲೆ ಏರಿದಾಗ ಮಾರುವವರು ಹೆಚ್ಚು ಸರಕನ್ನು ಪೇಟೆಗೆ ತರುತ್ತಾರೆ. ಈ ಬೇಡಿಕೆ ಮತ್ತು ಪೂರೈಕೆಗಳು ಸಂಧಿಸುವೆಡೆಯಲ್ಲಿ ಬೆಲೆ ನಿಲ್ಲುತ್ತದೆ.

ಬೆಲೆಯು ಕೊಳ್ಳುವವನ ಪಾಲಿಗೆ ಕೇವಲ ಹೊರೆಯಂತೆ ತೋರಿದರೂ ಅದೊಂದು ಸೂಚನೆಯೂ ಹೌದು. ಅದನ್ನು ತಡೆಹಿಡಿದಾಗ ಏನಾಗುತ್ತದೆಂಬುದನ್ನು ಮುಂಬಯಿಯ ಬಾಡಿಗೆ ಮನೆಗಳ ಚರಿತ್ರೆಯಲ್ಲಿ ಕಾಣಬಹುದು. ಯುದ್ಧಾನಂತರದ ಜನದಟ್ಟಣೆಯಲ್ಲಿ ಬಾಡಿಗೆದಾರರನ್ನು ರಕ್ಷಿಸಲು ೧೯೪೭ರಲ್ಲಿ ಬಾಡಿಗೆ ನಿಯಂತ್ರಣ ಶಾಸನವಾಯಿತು. ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯೇ ಹಳೆಯ ಮನೆಗಳಿಗೆ ಪ್ರಮಾಣವೆನಿಸಿತು. ತೆರಿಗೆ ಮುಂತಾದ ಕೆಲವು ಬಾಬುಗಳನ್ನು ಬಿಟ್ಟರೆ ಅದನ್ನು ಏರಿಸುವಂತಿರಲಿಲ್ಲ. ತಾತ್ಕಾಲಿಕವೆಂದು ಹುಟ್ಟಿದ ಈ ಶಾಸನವು ಮತ್ತೆ ಮತ್ತೆ ವಿಸ್ತರಣೆಗೊಂಡು ಅರ್ಧಶತಮಾನ ಬಾಳಿತು.

ಇದರಿಂದಾದ ಉಪಕಾರವನ್ನು ಅಲ್ಲಗಳೆಯಬಾರದು. ಅಲ್ಪ ಸಂಬಳದ ಗುಮಾಸ್ತನೂ ಗಿರಣಿಯ ಕೆಲಸಗಾರನೂ ನಗರದ ಮಧ್ಯದಲ್ಲಿ ನೆಲೆನಿಲ್ಲಲು ಸಾಧ್ಯವಾದುದು ಬಹುಮಟ್ಟಿಗೆ ಇದರಿಂದಲೇ. ಆದರೆ ರಕ್ಷಣೆ ದೊರೆತದ್ದು ಆಗಲೇ ಒಳಗಿದ್ದವರಿಗೆ. ಬಾಡಿಗೆಯಿಂದ ದುರಸ್ತಿಯ ವೆಚ್ಚವೂ ಹುಟ್ಟದಿರಲು, ಒಡೆಯರು ಚಾಳುಗಳ ದುರಸ್ತಿಯನ್ನು ಕೈಬಿಟ್ಟರು. ಬಾಡಿಗೆಗೆಂದು ಹೊಸ ಮನೆ ಕಟ್ಟಿಸುವ ಉತ್ಸಾಹವೂ ಉಡುಗಿತು. ಕಾನೂನು ನಿಷೇಧಿಸಿದ್ದ ‘ಪಗಡಿ’ಯ ಹಣ ಗುಟ್ಟಾಗಿ ಕೈಬದಲಾಯಿಸತೊಡಗಿತು. ಬಹಿರಂಗವಾಗಿ ಏರಲಾರದ ಬೆಲೆ ಮರೆಯಲ್ಲಿ ಏರಿತೆಂದೇ ಇದರ ಅರ್ಥ. ಶಿಥಿಲವಾದ ಕಟ್ಟಡಗಳ ದುರಸ್ತಿಗಾಗಿ ೧೯೬೯ರಲ್ಲಿ ಸರಕಾರವೇ ಕಾನೂನು ಮಾಡಿ ಒಂದು ಮಂಡಳಿಯನ್ನು ಸ್ಥಾಪಿಸಬೇಕಾಯಿತು. ಕೊನೆಗೆ ೨೦೦೦ದ ಮಾರ್ಚ್ ೩೧ರಂದು ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯಿದೆಯು ವರ್ಷಕ್ಕೆ ಶೇಕಡಾ ೪ರ ಏರಿಕೆಗೆ ಆಸ್ಪದವಿತ್ತು, ಪಗಡಿಗೂ ಮಾನ್ಯತೆ ನೀಡಿತು. ಬಾಡಿಗೆದಾರನ ರಕ್ಷಣೆ ಸಾಧುವಾದ ಉದ್ದೇಶವೇ ಸರಿ; ಆದರೆ ಮನೆಗಳ ಸಂಖ್ಯೆಯನ್ನು ಹೆಚ್ಚಿಸದ ರಕ್ಷಣೆ ಮುಂದೆ ಬರುವ ಬಾಡಿಗೆದಾರನಿಗೆ ಬಾಗಿಲು ಮುಚ್ಚುತ್ತದೆ.

ಇಲ್ಲಿಯೇ ಇನ್ನೊಂದು ತತ್ತ್ವವನ್ನು ಗಮನಿಸಬೇಕು. ಬೆಲೆ ಏರಿದೊಡನೆ ಎಲ್ಲ ಸರಕುಗಳ ಪೂರೈಕೆಯೂ ಒಂದೇ ವೇಗದಲ್ಲಿ ಹೆಚ್ಚುವುದಿಲ್ಲ. ಬೀಡಿ, ಬಟ್ಟೆಗಳನ್ನು ವಾರದೊಳಗೆ ಹೆಚ್ಚು ತಯಾರಿಸಬಹುದು. ಮನೆ ಕಟ್ಟಲು ವರ್ಷಗಳು ಬೇಕು. ಭತ್ತಕ್ಕೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಬೆಲೆಗೆ ಪೂರೈಕೆಯು ಸ್ಪಂದಿಸುವ ಈ ಪ್ರಮಾಣವನ್ನು ಸ್ಥಿತಿಸ್ಥಾಪಕತ್ವವೆನ್ನುತ್ತಾರೆ. ಹೆಸರು ಕಠಿನವಾದರೂ ವಿಷಯ ಸರಳ. ಮುಂದೆ ಇದರ ಪ್ರಯೋಜನ ಕಂಡುಬರುತ್ತದೆ.

ಇನ್ನು ಸಮಷ್ಟಿಗೆ ಬರೋಣ. ದೇಶದ ಲೆಕ್ಕದಲ್ಲಿ ಒಬ್ಬನ ವೆಚ್ಚವೇ ಮತ್ತೊಬ್ಬನ ವರಮಾನ. ನಾನು ಹೊಸ ಅಂಗಿಯನ್ನು ಹೊಲಿಸದೆ ಉಳಿಸಿದ ಹಣ ದರ್ಜಿಗೆ ತಪ್ಪಿದ ಕೂಲಿ. ಅವನು ಕೊಳ್ಳದೆ ಬಿಟ್ಟ ಬೇಳೆ ಕಿರಾಣಿ ಅಂಗಡಿಯವನಿಗೆ ತಪ್ಪಿದ ವ್ಯಾಪಾರ. ಎಲ್ಲರೂ ಹೀಗೆ ಉಳಿಸಹೊರಟು, ಉಳಿಸಿದ ಹಣವನ್ನು ಯಾರೂ ಕಾರ್ಖಾನೆಗೋ ಕಟ್ಟಡಕ್ಕೋ ತೊಡಗಿಸದಿದ್ದರೆ, ಎಲ್ಲರ ವರಮಾನವೂ ಕುಗ್ಗಿ ಕೊನೆಗೆ ಒಟ್ಟು ಉಳಿತಾಯವೂ ಹೆಚ್ಚದೆ ಹೋಗುತ್ತದೆ. ೧೯೨೯ರಿಂದ ಆರಂಭವಾದ ಜಾಗತಿಕ ಮಂದಿಯಲ್ಲಿ ಕಾರ್ಖಾನೆಗಳೂ ದುಡಿಯಬಲ್ಲ ಕೈಗಳೂ ಇದ್ದು ಕೆಲಸ ಮಾತ್ರ ಇಲ್ಲದ ವಿಚಿತ್ರ ಸ್ಥಿತಿಯನ್ನು ಪಾಶ್ಚಾತ್ಯ ದೇಶಗಳು ಅನುಭವಿಸಿದುವು. ಇದಕ್ಕೆ ಒಟ್ಟು ಬೇಡಿಕೆಯ ಕೊರತೆಯೇ ಕಾರಣವೆಂದು ಜಾನ್ ಮೇನಾರ್ಡ್ ಕೇನ್ಸ್ ೧೯೩೬ರ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು. ಖಾಸಗಿಯವರು ವೆಚ್ಚ ಮಾಡದಿದ್ದಾಗ ಸರಕಾರ ವೆಚ್ಚ ಮಾಡಬೇಕು ಎಂಬುದು ಅವನ ವಾದದ ಸಾರ.

ಆ ವೆಚ್ಚದ ಫಲವು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸರಕಾರ ೧೦೦ ರೂಪಾಯಿ ಕೂಲಿ ಕೊಟ್ಟಿತೆನ್ನೋಣ. ಕೂಲಿಯವನು ೨೦ ರೂಪಾಯಿ ಉಳಿಸಿ ೮೦ನ್ನು ವೆಚ್ಚ ಮಾಡುತ್ತಾನೆ. ಅದನ್ನು ಪಡೆದವನು ಅದೇ ಪ್ರಮಾಣದಲ್ಲಿ ೬೪ನ್ನು ವೆಚ್ಚ ಮಾಡುತ್ತಾನೆ. ಹೀಗೆ ಇಳಿಯುತ್ತ ಸಾಗುವ ಶ್ರೇಣಿಯನ್ನು ಕೂಡಿದರೆ ಒಟ್ಟು ವರಮಾನ ೫೦೦ ರೂಪಾಯಿ ಹೆಚ್ಚುತ್ತದೆ. ಈ ಐದರ ಪಟ್ಟಿಗೆ ‘ಗುಣಕ’ವೆಂದು ಹೆಸರು. ಹಾಸಿಗೆಗಿಂತ ಕಾಲನ್ನು ತುಸು ಹೆಚ್ಚು ಚಾಚಿದರೆ ಹಾಸಿಗೆಯೇ ಬೆಳೆದೀತು ಎಂದು ಹೇಳಿದಂತಾಯಿತು.

ಹಾಗಾದರೆ ನಮ್ಮ ಗಾದೆ ದೇಶದ ಮಟ್ಟಿಗೆ ಸುಳ್ಳೇ? ಈ ಪ್ರಶ್ನೆಗೆ ಗಂಭೀರವಾದ ಉತ್ತರವನ್ನು ಕೊಟ್ಟವರು ಡಾ. ವಿ. ಕೆ. ಆರ್. ವಿ. ರಾವ್ (೧೯೦೮–೧೯೯೧). ಮುಂಬಯಿ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ಕೇಂಬ್ರಿಜಿನಲ್ಲಿಯೂ ಓದಿ, ದಿಲ್ಲಿಯಲ್ಲಿ ಅರ್ಥಶಾಸ್ತ್ರ ವಿದ್ಯಾಲಯವನ್ನೂ ೧೯೭೨ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದ ಅವರು ಬಳ್ಳಾರಿಯಿಂದ ಲೋಕಸಭೆಗೂ ಆಯ್ಕೆಯಾಗಿದ್ದರು. ಹಿಂದುಳಿದ ದೇಶಗಳಲ್ಲಿ ಗುಣಕವು ಕೇನ್ಸ್ ಹೇಳಿದಂತೆ ಕೆಲಸ ಮಾಡಲಾರದೆಂದು ೧೯೫೨ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ವಾದಿಸಿದರು.

ಅವರ ವಾದಸರಣಿ ಹೀಗಿದೆ: ಇಂಗ್ಲೆಂಡಿನಲ್ಲಿ ನಿಂತುಹೋದ ಯಂತ್ರಗಳಿದ್ದುವು, ಬೇಡಿಕೆ ಬಂದೊಡನೆ ಅವು ತಿರುಗಿದುವು. ನಮ್ಮಲ್ಲಿ ಬಡವನ ಕೈಗೆ ಬಂದ ಹೆಚ್ಚಿನ ರೂಪಾಯಿ ಬಹುಪಾಲು ಆಹಾರಧಾನ್ಯದ ಕಡೆಗೆ ಹರಿಯುತ್ತದೆ. ಧಾನ್ಯವೋ ಅಲ್ಪಾವಧಿಯಲ್ಲಿ ಹೆಚ್ಚುವಂಥದಲ್ಲ. ತನ್ನ ವರಮಾನ ಏರಿದ ರೈತನು ತಾನೇ ಇನ್ನೊಂದು ತುತ್ತು ಹೆಚ್ಚು ಉಣ್ಣುವುದರಿಂದ ಪೇಟೆಗೆ ಬರುವ ಧಾನ್ಯ ಕಡಮೆಯಾಗಲೂಬಹುದು. ಆಗ ರೂಪಾಯಿಗಳು ಗುಣಿಸಿದರೂ ಸರಕು ಗುಣಿಸುವುದಿಲ್ಲ. ಬೆಲೆಗಳು ಮಾತ್ರ ಏರುತ್ತವೆ. ಆದುದರಿಂದ ಹೆಚ್ಚು ದುಡಿದು ಹೆಚ್ಚು ಉಳಿಸಬೇಕೆಂಬ ಹಳೆಯ ಉಪದೇಶವೇ ಇಂಥ ದೇಶಗಳಿಗೆ ಇನ್ನೂ ಯುಕ್ತವೆಂದು ಅವರು ತೀರ್ಮಾನಿಸಿದರು. ವ್ಯಷ್ಟಿಯಲ್ಲಿ ನಾವು ಕಂಡ ಪೂರೈಕೆಯ ಸ್ಥಿತಿಸ್ಥಾಪಕತ್ವವು ಸಮಷ್ಟಿಯ ಗುಣಕಕ್ಕೆ ಎಲ್ಲೆಯನ್ನು ಹಾಕಿತು. ಎರಡು ಶಾಖೆಗಳು ಕೂಡುವ ಸ್ಥಳ ಇದೇ.

ಧಾನ್ಯದ ಈ ಎಲ್ಲೆ ಎಷ್ಟು ಕಠೋರವಾದುದೆಂಬುದು ಮುಂದೆ ಅನುಭವಕ್ಕೆ ಬಂತು. ೧೯೬೪–೬೫ರಲ್ಲಿ ಸುಮಾರು ೮ ಕೋಟಿ ೯೪ ಲಕ್ಷ ಟನ್ನುಗಳಷ್ಟಿದ್ದ ಆಹಾರಧಾನ್ಯದ ಉತ್ಪತ್ತಿ ಬರಗಾಲದಿಂದಾಗಿ ಮರುವರ್ಷ ಸುಮಾರು ೭ ಕೋಟಿ ೨೩ ಲಕ್ಷ ಟನ್ನುಗಳಿಗೆ ಇಳಿಯಿತು. ೧೯೬೬ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರದೇಶಗಳಿಂದ ತರಿಸಬೇಕಾಯಿತು. ನಾಲ್ಕನೆಯ ಪಂಚವಾರ್ಷಿಕ ಯೋಜನೆ ೧೯೬೯ರವರೆಗೆ ಮುಂದೆ ಹೋಯಿತು. ಕಾಗದದ ಮೇಲೆ ಹಣವನ್ನು ಮಂಜೂರು ಮಾಡಬಹುದು, ಅಕ್ಕಿ ಗೋದಿಗಳನ್ನು ಮಂಜೂರು ಮಾಡುವಂತಿಲ್ಲ. ಇದಕ್ಕೆ ವಿರುದ್ಧವಾದ ಚಿತ್ರ ೨೦೨೦ರದು. ಸಾಂಕ್ರಾಮಿಕದ ನಿಮಿತ್ತ ದುಡಿಮೆ ನಿಂತಾಗ ಸರಕಾರದ ಉಗ್ರಾಣಗಳು ತುಂಬಿದ್ದುವು. ಆ ವರ್ಷದ ಏಪ್ರಿಲಿನಿಂದ ಸುಮಾರು ೮೦ ಕೋಟಿ ಜನರಿಗೆ ತಿಂಗಳಿಗೆ ತಲಾ ೫ ಕಿಲೋಗ್ರಾಂ ಧಾನ್ಯವನ್ನು ಉಚಿತವಾಗಿ ಹಂಚುವ ಕಾರ್ಯಕ್ರಮ ಸಾಧ್ಯವಾಯಿತು. ಎರಡು ಸಂದರ್ಭಗಳಲ್ಲಿಯೂ ಸಿದ್ಧಾಂತ ಒಂದೇ, ಬದಲಾದದ್ದು ಉಗ್ರಾಣ.

ಆದಕಾರಣ ಉಳಿತಾಯ ಒಳ್ಳೆಯದೋ ವೆಚ್ಚ ಒಳ್ಳೆಯದೋ ಎಂದು ಸಾರಾಸಗಟಾಗಿ ಕೇಳಿದರೆ ಅರ್ಥಶಾಸ್ತ್ರ ಉತ್ತರ ಕೊಡಲಾರದು. ಆಯವ್ಯಯ ಪತ್ರವನ್ನೋ ಹೊಸ ಶಾಸನವನ್ನೋ ಓದುವಾಗ ವಾಚಕರು ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ರೂಪಾಯಿ ಯಾರ ಕೈಯಿಂದ ಹೊರಟು ಯಾರ ವರಮಾನವಾಗುತ್ತದೆ? ಅವನು ಅದನ್ನು ಹಿಡಿದು ಪೇಟೆಗೆ ಹೋದಾಗ ಅಲ್ಲಿ ಸರಕು ಇರುತ್ತದೆಯೇ? ಮೊದಲನೆಯದನ್ನು ಮರೆತವರು ಮಂದಿಯ ಕಾಲದಲ್ಲಿ ಮಿತವ್ಯಯವನ್ನು ಬೋಧಿಸಿ ಕೆಲಸಗಾರನನ್ನು ಮನೆಗೆ ಕಳುಹಿಸುತ್ತಾರೆ. ಎರಡನೆಯದನ್ನು ಮರೆತವರು ಬಡವನಿಗೆ ಕೂಲಿ ಹೆಚ್ಚಿಸಿದೆವೆಂದು ನಂಬಿ, ಬೆಲೆಯ ರೂಪದಲ್ಲಿ ಅದನ್ನು ಅವನಿಂದಲೇ ಹಿಂತೆಗೆದುಕೊಳ್ಳುತ್ತಾರೆ.