ಹುಲಿ-ಕುರಿ ಆಟದಲ್ಲಿ ಅಸಮಬಲದ ಸಮತೋಲ

ಮಣೆಯಾಟಗಳನ್ನು ಅವುಗಳ ಪಕ್ಷರಚನೆಯ ದೃಷ್ಟಿಯಿಂದ ಎರಡು ವರ್ಗಗಳಾಗಿ ವಿಂಗಡಿಸಬಹುದು. ಚದುರಂಗ, ಪಗಡೆ ಮೊದಲಾದವುಗಳಲ್ಲಿ ಉಭಯ ಪಕ್ಷಗಳಿಗೂ ಕಾಯಿಗಳು ಸಮ, ನಡೆಗಳು ಸಮ, ಗುರಿಯೂ ಒಂದೇ. ನಮ್ಮ ಹಳ್ಳಿಗಳ ಹುಲಿ-ಕುರಿ ಆಟ ಇದಕ್ಕೆ ಭಿನ್ನವಾದುದು. ಒಂದು ಪಕ್ಷದಲ್ಲಿ ಕಾಯಿಗಳು ಕೆಲವೇ, ಆದರೆ ಅವು ಕೊಲ್ಲಬಲ್ಲವು. ಇನ್ನೊಂದರಲ್ಲಿ ಕಾಯಿಗಳು ಹಲವು, ಆದರೆ ಅವು ಕಟ್ಟಿಹಾಕಬಲ್ಲುವೇ ಹೊರತು ಕೊಲ್ಲಲಾರವು. ಹೀಗಿದ್ದೂ ಆಟವು ಏಕಪಕ್ಷೀಯವಾಗದಿರುವುದು ಹೇಗೆ? ಹೊಸದೊಂದು ಮೃಗವನ್ನು ಸೇರಿಸಿದರೆ ಆ ಸಮತೋಲ ಏನಾಗುತ್ತದೆ? ಈ ವಿಚಾರದಿಂದ ಇತಿಹಾಸದ ಅಭ್ಯಾಸಿಗೆ ದೊರೆಯುವ ಪ್ರಯೋಜನವೇನು? ಈ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

1. ಆಟದ ಸ್ವರೂಪ

ದಕ್ಷಿಣ ಭಾರತದಲ್ಲಿ ವಿಶೇಷವಾಗಿ ಪ್ರಚಲಿತವಾದ ರೂಪದಲ್ಲಿ ತ್ರಿಕೋನಾಕೃತಿಯ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸಿ 23 ಮನೆಗಳಾಗುತ್ತವೆ. ಹುಲಿಗಳು 3, ಕುರಿಗಳು 15. ಕುರಿಯ ಕಡೆಯವನು ಪ್ರತಿ ಸರದಿಗೆ ಒಂದೊಂದು ಕಾಯಿಯನ್ನು ಹೂಡುತ್ತ ಬರುತ್ತಾನೆ. ಎಲ್ಲವನ್ನೂ ಹೂಡಿದ ಬಳಿಕವೇ ಕುರಿಗಳಿಗೆ ನಡೆ. ಹುಲಿಯು ಪಕ್ಕದ ಕುರಿಯನ್ನು ನೇರಗೆರೆಯಲ್ಲಿ ಹಾರಿ, ಅದರಾಚೆಯ ಮನೆ ಬರಿದಾಗಿದ್ದರೆ ಅಲ್ಲಿ ಇಳಿದು, ಹಾರಿದ ಕುರಿಯನ್ನು ಹಿಡಿಯುತ್ತದೆ. ಗೊತ್ತಾದಷ್ಟು ಕುರಿಗಳು ಸತ್ತರೆ ಹುಲಿಗೆ ಗೆಲುವು. ಹುಲಿಗಳೆಲ್ಲ ಅಲುಗಾಡದಂತಾದರೆ ಕುರಿಗೆ ಗೆಲುವು.

ನೇಪಾಳದ ‘ಬಾಘ್ ಚಾಲ್’ ಇದೇ ಕುಲಕ್ಕೆ ಸೇರಿದ ಆಟ. ಅಲ್ಲಿ 25 ಮನೆಗಳು, 4 ಹುಲಿಗಳು, 20 ಆಡುಗಳು. 5 ಆಡುಗಳನ್ನು ಹಿಡಿದರೆ ಹುಲಿಗೆ ಜಯ. ಈ ಶತಮಾನದ ಮೊದಲ ದಶಕದಲ್ಲಿ ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದ ನೆರವಿನಿಂದ ಈ ಆಟವನ್ನು ಶೋಧಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರೆಂದು ಸಾಧಿಸಿದರು. ಗಣಿತವನ್ನೋದದ ಆಟಗಾರರು ತಲೆಮಾರುಗಳ ಅನುಭವದಿಂದಲೇ ಇಂತಹ ಸಮತೋಲವನ್ನು ಮುಟ್ಟಿದ್ದರೆಂಬುದು ಗಮನಾರ್ಹ.

2. ಸಂಖ್ಯೆಯೊಂದೇ ಬಲವಲ್ಲ

23 ಮನೆಗಳ ಮಣೆಯಲ್ಲಿ 18 ಕಾಯಿಗಳೂ ಕುಳಿತಾಗ ಉಳಿಯುವ ಬರಿಮನೆಗಳು 5. ನಾಲ್ಕನೆಯ ಹುಲಿಯನ್ನು ಸೇರಿಸಿದರೆ ಉಳಿಯುವುವು 4. ಹುಲಿಯು ಹುಲಿಯನ್ನು ಹಾರಲಾರದಾದುದರಿಂದ ಹೊಸ ಹುಲಿಯು ಆಟದ ಕೊನೆಯಲ್ಲಿ ತನ್ನವರ ದಾರಿಗೇ ಅಡ್ಡವಾಗಬಹುದು. ಆದರೆ ಕುರಿಗಳನ್ನು ಹೂಡುತ್ತಿರುವ ಮೊದಲ ಹಂತದಲ್ಲಿ ಸಂಗತಿಯೇ ಬೇರೆ. ಆಗ ಕುರಿಗಳು ವಿರಳ. ಒಂದರ ಬೆನ್ನಿಗೆ ಇನ್ನೊಂದಿಲ್ಲ. ಎರಡು ಕಡೆ ಏಕಕಾಲಕ್ಕೆ ಬೆದರಿಕೆ ಒದಗಿದರೆ ಒಂದನ್ನು ಮಾತ್ರ ತಡೆಯಬಹುದು. ಎಂದರೆ ಒಂದೇ ಕಾಯಿ ಆರಂಭದಲ್ಲಿ ಲಾಭವಾಗಿ, ಅಂತ್ಯದಲ್ಲಿ ಭಾರವಾಗಿ ಪರಿಣಮಿಸಬಹುದು.

ಇಲ್ಲಿ ಇನ್ನೊಂದು ನಿಯಮವನ್ನು ಮರೆಯಲಾಗದು. ಹುಲಿಗಳು ಎಷ್ಟೇ ಇರಲಿ, ಒಂದು ಸರದಿಗೆ ನಡೆಯುವುದು ಒಂದೇ ಹುಲಿ. ಹುಲಿಗಳು ಹೆಚ್ಚಿದರೆ ಆಯ್ಕೆಗಳು ಹೆಚ್ಚುತ್ತವೆ, ಏಟುಗಳು ಹೆಚ್ಚುವುದಿಲ್ಲ. ನಮ್ಮ ಆಟದ ಸಮತೋಲವನ್ನು ಕಾಯುವ ಮುಖ್ಯ ಕಟ್ಟು ಇದೇ ಎಂದು ನಾವು ಭಾವಿಸುತ್ತೇವೆ.

3. ನೆಲಮಾಳಿಗೆಯ ರಕ್ಕಸರು

ಈ ಕಟ್ಟು ಇಲ್ಲದಿದ್ದಲ್ಲಿ ಏನಾಗುವುದೆಂಬುದನ್ನು ಪಾಶ್ಚಾತ್ಯರ ಒಂದು ಬಗೆಯ ಆಟದಿಂದ ತಿಳಿಯಬಹುದು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, 1989ರ ‘ಹೀರೋಕ್ವೆಸ್ಟ್’, 2017ರ ‘ಗ್ಲೂಮ್‌ಹೇವನ್’ ಈ ಪರಂಪರೆಯವು. ವೀರರ ಗುಂಪೊಂದು ನೆಲಮಾಳಿಗೆಯನ್ನೋ ಗುಹೆಯನ್ನೋ ಹೊಕ್ಕು ರಕ್ಕಸರೊಡನೆ ಹೋರಾಡುತ್ತದೆ. ಹಲವು ದಿನಗಳ ಆಟಗಳು ಸೇರಿ ಒಂದು ದಂಡಯಾತ್ರೆ. ಗಳಿಸಿದ ಬಲ ಮರುದಿನಕ್ಕೂ ಉಳಿಯುತ್ತದೆ. ಮೂಲದ ಆಟಕ್ಕೆ ಹೊಸ ರಕ್ಕಸರನ್ನು ಕೂಡಿಸುವ ಪೂರಕ ಕಟ್ಟುಗಳೂ ಮಾರಾಟಕ್ಕೆ ಬರುತ್ತವೆ. ಸಾಮಾನ್ಯವಾಗಿ ಇಲ್ಲಿ ಪ್ರತಿಯೊಬ್ಬ ರಕ್ಕಸನೂ ಪ್ರತಿ ಸುತ್ತಿನಲ್ಲಿ ಹೊಡೆಯುತ್ತಾನೆ.

ಒಂದು ಸರಳ ಲೆಕ್ಕವನ್ನು ನೋಡೋಣ. ವೀರರ ಗುಂಪು ಸುತ್ತಿಗೆ 4 ಅಂಶ ಹಾನಿಮಾಡುತ್ತದೆ. ಮೊದಲ ಏಟು ಅವರದು. ರಕ್ಕಸನ ಆಯುಸ್ಸು 12, ಅವನ ಏಟು 3. ಒಬ್ಬನೇ ಇದ್ದರೆ ಮೂರನೆಯ ಸುತ್ತಿನಲ್ಲಿ ಸಾಯುತ್ತಾನೆ; ಅಷ್ಟರಲ್ಲಿ 2 ಸಲ ಹೊಡೆದು 6 ಅಂಶ ಹಾನಿ ಮಾಡಿರುತ್ತಾನೆ. ಅಂಥವರು ಇಬ್ಬರಿದ್ದರೆ ಏಟುಗಳು 7, ಹಾನಿ 21. ಮೂವರಿದ್ದರೆ ಏಟುಗಳು 15, ಹಾನಿ 45. ಸಂಖ್ಯೆ ಇಮ್ಮಡಿಯಾದರೆ ಅಪಾಯ ಮೂರೂವರೆ ಮಡಿಯಾಯಿತು. ಸೈನ್ಯಬಲವು ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆಂದು ಆಂಗ್ಲ ಯಂತ್ರಶಿಲ್ಪಿ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರ ಗ್ರಂಥದಲ್ಲಿ ಪ್ರತಿಪಾದಿಸಿದುದು ಇದೇ ಬಗೆಯ ತತ್ತ್ವವನ್ನು.

ಹಾಗಾದರೆ ಒಬ್ಬನ ಬದಲು ಇಬ್ಬರನ್ನು ಇಡುವುದೆಂತು? ಆಯುಸ್ಸನ್ನು ಆರಾರಾಗಿ ಹಂಚಿದರೆ ಸಾಲದು. ಏಟು 3 ಆಗಿಯೇ ಉಳಿದರೆ ಹಾನಿ 12 ಆಗುತ್ತದೆ. ಏಟನ್ನೂ ಹಂಚಿ ಒಬ್ಬನಿಗೆ 2, ಇನ್ನೊಬ್ಬನಿಗೆ 1 ಕೊಟ್ಟರೆ, ಬಲವಂತನನ್ನು ಮೊದಲು ಕೊಂದವರಿಗೆ ಹಾನಿ 5, ದುರ್ಬಲನನ್ನು ಮೊದಲು ಕೊಂದವರಿಗೆ 7. ಹಳೆಯ 6ರ ಆಸುಪಾಸಿನಲ್ಲೇ ಆಟ ನಿಂತಿತು. ಜೊತೆಗೆ ಆಟಗಾರನ ವಿವೇಕಕ್ಕೂ ಬೆಲೆ ಬಂದಿತು. ‘ಗ್ಲೂಮ್‌ಹೇವನ್’ ಆಟದಲ್ಲಿ ವೀರರ ಸರಾಸರಿ ಮಟ್ಟವನ್ನು ಅರ್ಧಿಸಿ, ಭಿನ್ನಾಂಕ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಿ, ರಕ್ಕಸರ ಮಟ್ಟವನ್ನು ಗೊತ್ತುಮಾಡುತ್ತಾರೆ. ಆಟಗಾರರ ಸಂಖ್ಯೆಗೆ ತಕ್ಕಂತೆ ರಕ್ಕಸರ ಸಂಖ್ಯೆಯನ್ನೂ ಬದಲಿಸುತ್ತಾರೆ. ದಂಡಯಾತ್ರೆಯಲ್ಲಿ ಈ ಎಚ್ಚರ ಅವಶ್ಯ. ಒಂದು ದಿನದ ಅಸಮತೋಲ ಅಲ್ಲಿಗೇ ಮುಗಿಯದೆ ಮುಂದಿನ ದಿನಗಳಿಗೂ ಹರಿದುಹೋಗುತ್ತದೆ.

4. ಹಾಸುಗಲ್ಲಿನ ಸಾಕ್ಷ್ಯ

ಈ ಲೆಕ್ಕಗಳಿಗೂ ಇತಿಹಾಸಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರಂತಹ ಅರಸರು ಆಡಿದ ಆಟಗಳು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ದಾಖಲಾಗಿವೆ. ಸಾಮಾನ್ಯ ಜನರ ಆಟಗಳಿಗೆ ಅಂತಹ ಭಾಗ್ಯವಿಲ್ಲ. ಅವುಗಳ ದಾಖಲೆ ಎರಡು ಕಡೆ ಹಂಚಿಹೋಗಿದೆ: ಗೆರೆಗಳು ಕಲ್ಲಿನಲ್ಲಿ, ನಿಯಮಗಳು ಹಿರಿಯರ ನೆನಪಿನಲ್ಲಿ. ಹಂಪೆಯ ಮಂಟಪಗಳ ನೆಲದಲ್ಲಿ ಇಂತಹ ಕೊರೆದ ಮಣೆಗಳನ್ನು ಕಾಣಬಹುದು. ಆದರೆ ಹುಲಿಗಳೆಷ್ಟು, ಕುರಿಗಳೆಷ್ಟು ಎಂಬುದನ್ನು ಕಲ್ಲು ಹೇಳದು. ಇಂತಹ ಎಡೆಯಲ್ಲಿ ಸಮತೋಲದ ಲೆಕ್ಕವು ನೆರವಿಗೆ ಬರುತ್ತದೆ. ಒಂದು ಮಣೆಯಲ್ಲಿ ಯಾವ ಸಂಖ್ಯೆಗಳಿಂದ ಆಟ ನಡೆದೀತು, ಯಾವುದರಿಂದ ನಡೆಯದು ಎಂದು ಅದು ತೋರಿಸಬಲ್ಲದು. ಹೀಗೆಯೇ ಆಡಿದರೆಂದು ಅದು ಸಿದ್ಧಪಡಿಸಲಾರದು. ಆ ಪ್ರಮಾಣ ಆಡಿದವರ ಬಾಯಿಂದಲೇ ಬರಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಇಂತಹ ಸಂಶೋಧನೆಗೆ ಯೋಗ್ಯವಾದ ಕ್ಷೇತ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಮಲೆನಾಡಿನ ಅಂಚಿನಿಂದ ಬಯಲುಸೀಮೆಯವರೆಗಿನ ಈ ಹರಹಿನಲ್ಲಿ ಆಟದ ನಿಯಮ ಒಂದೆಯೋ ಬೇರೆಯೋ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಚನ್ನಗಿರಿಯ ಕೋಟೆ, ಸಂತೇಬೆನ್ನೂರಿನ ಪುಷ್ಕರಿಣಿಯ ಆವರಣ, ಸಿಂದ ಅರಸರ ಬೆಳಗುತ್ತಿ, ಊರೂರಿನ ಗುಡಿಕಟ್ಟೆಗಳು ಇವನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಮಣೆ ಕಂಡಲ್ಲಿ ಮನೆಗಳ ಸಂಖ್ಯೆ, ಗೆರೆಗಳ ಜೋಡಣೆ, ಅಳತೆ, ಸವೆತ ಇವನ್ನು ಬರೆದುಕೊಳ್ಳಬೇಕು. ಹಿರಿಯರನ್ನು ಕೇಳಬೇಕಾದುವು ನಾಲ್ಕು: ಎರಡು ಕಡೆಯ ಕಾಯಿಗಳೆಷ್ಟು, ಎಷ್ಟು ಕುರಿ ಸತ್ತರೆ ಸೋಲು, ಎಲ್ಲ ಕುರಿಗಳನ್ನು ಹೂಡುವ ಮುನ್ನ ನಡೆಸಬಹುದೆ, ಹುಲಿ ಒಂದೇ ಸರದಿಯಲ್ಲಿ ಎರಡು ಸಲ ಹಾರಬಹುದೆ. ಮಂಟಪದ ಕಾಲವೇ ಗೆರೆಯ ಕಾಲವೆಂದು ತಿಳಿಯಕೂಡದು. ಹಳೆಯ ಕಲ್ಲಿನ ಮೇಲೆ ಈಚಿನ ದನಗಾಹಿಯೂ ಮಣೆ ಕೊರೆದಿರಬಹುದು.

ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲುಗಳನ್ನು ಕಿತ್ತು ನುಣುಪುಗಲ್ಲು ಹಾಸುವುದು ಈಗ ಎಲ್ಲೆಡೆ ಕಾಣುವ ಸಂಗತಿ. ಗೆರೆ ಮುಚ್ಚಿದ ಮೇಲೆ ನಿಯಮ ಬಲ್ಲವರು ದೊರೆತರೂ ಆ ನೆಲದ ಮಣೆಯನ್ನು ತಿಳಿಯುವಂತಿಲ್ಲ. ಬಲ್ಲವರು ತೀರಿಹೋದ ಮೇಲೆ ಗೆರೆ ಉಳಿದರೂ ಅದು ಮೂಕ. ರಜಾದಿನಗಳಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಗುಡಿಯ ನೆಲವನ್ನೊಮ್ಮೆ ನೋಡಿ, ಮನೆಯ ಹಿರಿಯರೊಡನೆ ಒಂದು ಆಟವಾಡಿ, ನಿಯಮಗಳನ್ನು ಬರೆದು ತಂದರೆ ಈ ಅಧ್ಯಯನಕ್ಕೆ ಬೇಕಾದ ಮೊದಲ ಸಾಮಗ್ರಿ ಒದಗುತ್ತದೆ.