ನೂಲು ತೋರಿಸುವ ವಿಮಾನಮಾರ್ಗ

ಬಸವೇಶ್ವರನಗರದ ಹಲವು ಮನೆಗಳ ಮಕ್ಕಳು ಇಂದು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಆಫ್ರಿಕ, ಅಟ್ಲಾಂಟಿಕ್‌ಗಳನ್ನು ಹಾಯುತ್ತದೆ. ಈಗ ಭೂಗೋಲವನ್ನು ತೆಗೆದುಕೊಂಡು ಅವೆರಡರ ನಡುವೆ ನೂಲನ್ನು ಬಿಗಿಯಾಗಿ ಹಿಡಿಯಿರಿ. ನೂಲು ಉತ್ತರಕ್ಕೆ ಸರಿದು ಸೈಬೀರಿಯಾದ ಮೇಲಂಚನ್ನು ಮುಟ್ಟುತ್ತದೆ! ಎರಡೂ ನಗರಗಳ ರೇಖಾಂಶಗಳಲ್ಲಿ 160 ಡಿಗ್ರಿಗಳ ಅಂತರವಿರುವುದೇ ಇದಕ್ಕೆ ಕಾರಣ. ಭೂಕೇಂದ್ರವನ್ನೇ ಕೇಂದ್ರವಾಗುಳ್ಳ ಈ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ದೂರ ಸುಮಾರು 14,000 ಕಿಲೋಮೀಟರ್. ನೇರವಾಗಿ ಧ್ರುವದ ಮೇಲೆ ಹೋದರೂ ಹೆಚ್ಚುವುದು 400 ಕಿಲೋಮೀಟರಿಗಿಂತ ಕಡಿಮೆ.

2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಮಹಿಳೆಯರೇ ನಡೆಸಿ, ಧ್ರುವಮಾರ್ಗವಾಗಿ ಬೆಂಗಳೂರಿಗೆ ತಂದರು. ಇಳಿದಾಗ 11ರ ನಸುಕು. ಹಾರಾಟ ಮಾತ್ರ ಸುಮಾರು 17 ಗಂಟೆ. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರಗಳ ವ್ಯತ್ಯಾಸ. (ದೇವನಹಳ್ಳಿಯ ನಿಲ್ದಾಣದಿಂದ ಬಸವೇಶ್ವರನಗರಕ್ಕೆ ತಗಲುವ ಹೊತ್ತು ಈ ಲೆಕ್ಕಕ್ಕೆ ಸೇರಿಲ್ಲ!)

ದೂರ ಒಂದೇ ಆದರೂ ಕಾಲ ಒಂದೇ ಅಲ್ಲ. ಗಂಟೆಗೆ 900 ಕಿಲೋಮೀಟರ್ ಹಾರುವ ವಿಮಾನಕ್ಕೆ ದಾರಿಯುದ್ದಕ್ಕೂ 100 ಕಿಲೋಮೀಟರ್ ವೇಗದ ಎದುರುಗಾಳಿ ಬೀಸಿದರೆ ಹದಿನೈದೂವರೆ ಗಂಟೆಯ ಪ್ರಯಾಣ ಹದಿನೇಳೂವರೆಯಾಗುತ್ತದೆ. ಆ ಎರಡು ಗಂಟೆಗೆ ಬೇಕಾದ ಇಂಧನವನ್ನೂ ಹೊತ್ತೇ ಹೊರಡಬೇಕು. ಆದುದರಿಂದಲೇ ಚಾಲಕರು ನೂಲಿನ ಗೆರೆಯನ್ನು ಬಿಟ್ಟು, ಗಾಳಿ ಅನುಕೂಲವಾಗಿರುವ ದಾರಿಯನ್ನು ಹಿಡಿಯುವುದುಂಟು.